ಬ್ಯಾಟ್ ರಿಪೇರಿ ಸೂಪರ್, ಸೋಬರ್ಸ್ ವಿಷಯ ಮಾತ್ರ ಎತ್ತಬೇಡಿ

ಶಿವಮೊಗ್ಗದಲ್ಲಿ ಬ್ಯಾಟ್ ರಿಪೇರಿಗೆ ಎಲ್ಲಿ ಕೊಡೋದು ಅಂತ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ. ಗಾಂಧಿ ಬಜಾರ್ ಹತ್ರ ಒಂದು ಸಂದಿ, ಸಂದಿ ಕೊನೇಲಿ ಅಂಗಡಿ. ಬೋರ್ಡಿನ ಅಕ್ಷರ ಎಲ್ಲ ಮಳೆಗೆ ಅಳಿಸಿ ಹೋಗಿದೆ, ಬಾಗಿಲಲ್ಲಿ ಮುರಿದ ಹ್ಯಾಂಡಲ್‌ಗಳು ಸೌದೆ ಥರ ಒಟ್ಟಿರ್ತವೆ, ಅದೇ ಗುರುತು.

ನಾನು ತೀರ್ಥಹಳ್ಳಿ ಕಡೆಯವನು. ಮಗನ ಇಂಗ್ಲಿಷ್ ವಿಲ್ಲೋ (ಒಳ್ಳೇ ಬ್ಯಾಟ್ ಮಾಡೋ ಮರ) ಬ್ಯಾಟು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಪುಣ್ಯಾತ್ಮ ಮಳೆಗಾಲ ಪೂರ್ತಿ ಜಗಲಿ ಮೂಲೇಲಿ ನಿಲ್ಲಿಸಿಬಿಟ್ಟಿದ್ದ. ನಮ್ಮ ಕಡೆ ಜುಲೈಲಿ ಕಪಾಟೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಇನ್ನು ನೆಲಕ್ಕೆ ತಾಗಿದ ಬ್ಯಾಟು ಉಳಿಯುತ್ತಾ? ತೇವ ಕುಡಿದು ಟೋ, ಅಂದ್ರೆ ಬ್ಯಾಟಿನ ಕೆಳತುದಿ, ಉಬ್ಬಿ, ಮಳೆ ಬಿಟ್ಟ ಮೇಲೆ ನೆಟ್ಸಲ್ಲಿ ಕಾಲ ಬುಡಕ್ಕೆ ಬಿದ್ದ ಮೊದಲನೇ ಯಾರ್ಕರ್‌ಗೇ ಸೀಳು ಬಿಡ್ತು. ಹ್ಯಾಂಡಲ್ ಬೇರೆ ಕರಕರ ಅಂತಿತ್ತು.

ಅಂಗಡಿ ಅಣ್ಣ ಬ್ಯಾಟನ್ನ ಕಿವಿ ಹತ್ರ ಹಿಡ್ಕೊಂಡು ಬೆರಳಲ್ಲಿ ತಟ್ಟಿ ನೋಡಿದ್ರು, ತೆಂಗಿನಕಾಯಿ ನೋಡ್ತಾರಲ್ಲ ಹಾಗೆ. "ಹ್ಯಾಂಡಲ್ ಬದಲಾಯಿಸೋದು ಬೇಡ ಮಾರಾಯ್ರೇ, ದಾರ ಸಡಿಲ ಆಗಿದೆ ಅಷ್ಟೇ" ಅಂದ್ರು. ಬೇರೆ ಕಡೆ ಇದೇ ಬ್ಯಾಟಿಗೆ ಹೊಸ ಹ್ಯಾಂಡಲ್ ಆಗ್ಲೇಬೇಕು ಅಂದಿದ್ರು, ಸಾವಿರದ ಮೇಲೆ ಹೇಳಿದ್ರು. ಇವರು ಸೀಳಿಗೆ ಅಂಟು ತುಂಬಿ ಕ್ಲಾಂಪ್ ಹಾಕಿ ಬಿಟ್ಟು, ಒಣಗಿದ ಮೇಲೆ ಉಜ್ಜಿ, ಟೋ ಗಾರ್ಡ್ ಕೂರಿಸಿ, ದಾರ ಪೂರ್ತಿ ಬಿಚ್ಚಿ ಮತ್ತೆ ಸುತ್ತಿ ಹೊಸ ಗ್ರಿಪ್ ಹಾಕಿ, ಎಲ್ಲಾ ಸೇರಿ 650 ರೂಪಾಯಿ. ಕೆಲಸ ಬೆಣ್ಣೆ ಥರ ಇದೆ, ಸೀಳಿದ್ದ ಜಾಗದ ಮೇಲೆ ಕಣ್ಮುಚ್ಚಿ ಬೆರಳಾಡಿಸಿದ್ರೆ ಎಲ್ಲಿ ಅಂತ ಗೊತ್ತೇ ಆಗಲ್ಲ.

ಆದ್ರೆ ಎರಡು ದಿನ ಅಂದಿದ್ದು ಒಂಬತ್ತು ದಿನ ಆಯ್ತು. ಯಾಕೆ ಅಂದ್ರೆ ಅಲ್ಲಿ ಬೆಂಚ್ ಮೇಲೆ ಸಾಯಂಕಾಲ ಒಂದು ಪಾರ್ಲಿಮೆಂಟ್ ಸೇರುತ್ತೆ. ವಿಷಯ ಒಂದೇ, ಪ್ರಪಂಚದಲ್ಲಿ ಅತಿ ದೊಡ್ಡ ಆಲ್‌ರೌಂಡರ್ ಯಾರು.

ಅಣ್ಣಂದು ವೆಸ್ಟ್ ಇಂಡೀಸಿನ ಗ್ಯಾರಿ ಸೋಬರ್ಸ್ ಪಾರ್ಟಿ. ಅವರದ್ದೊಂದು ಲೆಕ್ಕ ಇದೆ, ಬ್ಯಾಟಿಂಗ್ ಆವರೇಜಲ್ಲಿ (ಒಂದು ಸಲ ಔಟಾಗೋಕೆ ಹೊಡೆಯೋ ರನ್) ಬೌಲಿಂಗ್ ಆವರೇಜ್ (ಒಂದು ವಿಕೆಟ್ಟಿಗೆ ಕೊಡೋ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು) ಕಳಿ, ಉಳಿದಿದ್ದೇ ಮನುಷ್ಯನ ತೂಕ. ಸೋಬರ್ಸ್ 57.78, ಅದರಲ್ಲಿ 34.03 ಕಳೆದ್ರೆ 23 ಚಿಲ್ಲರೆ. ಫಾಸ್ಟ್ ಮೀಡಿಯಮ್ಮೂ ಹಾಕ್ತಿದ್ದ, ಎರಡು ಥರದ ಸ್ಪಿನ್ನೂ ಹಾಕ್ತಿದ್ದ, ಒಬ್ಬನ ಸಂಬಳದಲ್ಲಿ ಮೂರು ಬೌಲರ್ ಅಂತಾರೆ. ಮೊಬೈಲ್ ಹಿಡ್ಕೊಂಡ ಕಾಲೇಜ್ ಹುಡುಗ ಒಬ್ಬ ದಕ್ಷಿಣ ಆಫ್ರಿಕಾದ ಕಾಲಿಸ್ ಪರ, 13,289 ರನ್, 292 ವಿಕೆಟ್, 200 ಕ್ಯಾಚ್, ಇನ್ನೆಂತ ಬೇಕು ಅಂತ. ಕಳೆದ್ರೆ 22 ಚಿಲ್ಲರೆ ಬರುತ್ತೆ, ಒಂದು ಪಾಯಿಂಟಲ್ಲಿ ಸೋತ ಅಂತ ಅಣ್ಣ ಅವನನ್ನ ದಿನಾ ಕಾಡಿಸ್ತಾರೆ.

ಭದ್ರಾವತಿಯ ರಿಟೈರ್ಡ್ ಮೇಷ್ಟ್ರು ಒಬ್ರು ಬರ್ತಾರೆ. ಮಾತು ಶುರು ಮಾಡೋದೇ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ನಮ್ಮೂರಲ್ಲಿ ಅಂತ (ಆಲ್‌ರೌಂಡರ್ ಚರ್ಚೆಗೆ ಬರೀ ಬ್ಯಾಟ್ಸ್‌ಮನ್ ಆದ ವಿಶಿ ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ). ಅವರು ಕಪಿಲ್ ಪರ. ಕಪಿಲ್ ಲೆಕ್ಕ ಕಳೆದ್ರೆ ಬರೋದು ಒಂದೂವರೆನೂ ಇಲ್ಲ, 31.05ರಲ್ಲಿ 29.64. ಅಷ್ಟಕ್ಕೆ ಮೇಷ್ಟ್ರು ಎದ್ದೇ ನಿಂತ್ರು. "ನಮ್ಮ ಸತ್ತ ಪಿಚ್ಚಲ್ಲಿ ಆ ಕಡೆ ತುದೀಲಿ ಸರಿಯಾದ ಜೋಡಿ ಫಾಸ್ಟ್ ಬೌಲರ್ ಇಲ್ದೆ 434 ವಿಕೆಟ್ ತೆಗ್ದಿದಾನೆ, ಅದನ್ನ ಯಾವುದರಲ್ಲಿ ಕಳೀತೀಯಾ? 1983ರ ವರ್ಲ್ಡ್ ಕಪ್ಪಲ್ಲಿ ಜಿಂಬಾಬ್ವೆ ಮೇಲೆ 17 ರನ್ನಿಗೆ 5 ವಿಕೆಟ್ ಹೋಗಿತ್ತು, 175 ಹೊಡ್ದ, ನಾಟ್‌ಔಟು! ಆ ಮ್ಯಾಚಿನ ವಿಡಿಯೋನೂ ಇಲ್ಲ." ಆವತ್ತು ಕಪಿಲ್ ಜೊತೆ ಮೊದಲು ನಿಂತಿದ್ದು ನಮ್ಮ ಕರ್ನಾಟಕದ ಬಿನ್ನಿ, 22 ಹೊಡೆದ್ರು, ಕೊನೇವರೆಗೆ ನಿಂತಿದ್ದು ನಮ್ಮ ಕಿರ್ಮಾನಿ, ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ಬಂತು, ಅದ್ರಲ್ಲಿ ಕಿರ್ಮಾನಿದು 24. ಇದನ್ನ ಹೇಳುವಾಗ ಮೇಷ್ಟ್ರ ಕಣ್ಣು ನೋಡ್ಬೇಕು.

ನಾನು ಸುಮ್ನೆ ಬ್ಯಾಟ್ ಇಸ್ಕೊಂಡು ಬರಬೇಕಿತ್ತು. ಬಾಯಿ ತಡೀಲಿಲ್ಲ. ಪಾಕಿಸ್ತಾನದ ಇಮ್ರಾನ್ ಖಾನ್ ಒಟ್ಟು ಲೆಕ್ಕದಲ್ಲಿ 15 ಹತ್ರ ಬರ್ತಾನೆ ಸರಿ, ಆದ್ರೆ ಕ್ಯಾಪ್ಟನ್ ಆಗಿ ಆಡಿದ 48 ಟೆಸ್ಟ್ ಮಾತ್ರ ತಗೊಳ್ಳಿ ಅಣ್ಣ, ಬ್ಯಾಟಿಂಗ್ 52, ಬೌಲಿಂಗ್ 20, ನಿಮ್ಮದೇ ಸೂತ್ರದಲ್ಲಿ 32 ಆಯ್ತಲ್ಲ ಅಂದೆ. ಅಣ್ಣ ಉಪ್ಪುಕಾಗದ ಕೆಳಗಿಟ್ರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಬೇಕಾದ ತುಂಡು ಹೆಚ್ಕೊಂಡ್ರೆ ಯಾರೂ ದೊಡ್ಡೋರು ಆಗ್ತಾರೆ" ಅಂದು ನನ್ನ ಬ್ಯಾಟನ್ನ ಸಾಲಿನ ಕೊನೇಗೆ ಇಟ್ರು. ಎರಡು ದಿನ ಒಂಬತ್ತಾಗಿದ್ದು ಇಲ್ಲೇ ಅನ್ನೋದು ನನ್ನ ಗುಮಾನಿ.

ಇನ್ನೊಂದು ಎಚ್ಚರಿಕೆ, ಹೊಸ ಸಾಮಾನು ಅಲ್ಲಿ ತಗೋಬೇಡಿ. ಗ್ಲೌಸ್ ತಗೊಂಡೆ, ಮೂರೇ ವಾರಕ್ಕೆ ಹೆಬ್ಬೆರಳಿನ ಹೊಲಿಗೆ ಬಿಟ್ಟಿತು, ಬದಲಾಯಿಸಿ ಕೊಡಿ ಅಂದ್ರೆ ಕಂಪನಿ ಕೇಳಿ ಅಂತಾರೆ. ಈ ಅಂಗಡಿ ನ್ಯೂಜಿಲೆಂಡಿನ ಬೌಲರ್ ಹ್ಯಾಡ್ಲಿ ಥರ. ರಿಪೇರಿ ಅಂದ್ರೆ 22ರ ಆವರೇಜಲ್ಲಿ 431 ವಿಕೆಟ್, ವ್ಯಾಪಾರ ಅಂದ್ರೆ ಏಳನೇ ನಂಬರಿಗೆ ಬಂದು ಏನೋ ಒಂದಿಷ್ಟು ಬೀಸೋದು. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಕಟ್ ಮಾಡಿದ ಒಂದು ಗ್ಲೌಸಿಗೆ.

ಬೆಳಿಗ್ಗೆ ಹೋದ್ರೆ ಬೆಂಚ್ ಖಾಲಿ ಇರುತ್ತೆ, ಕೆಲಸ ಬೇಗ ಆಗುತ್ತೆ. ನಾವು ಬ್ಯಾಟ್ ಇಸ್ಕೊಳ್ಳೋಕೆ ಹೋಗಿದ್ದು ಸಾಯಂಕಾಲ, ತಪ್ಪು ನಮ್ಮದೇ. ದುಡ್ಡು ಕೊಟ್ಟು, ಬ್ಯಾಟ್ ಹೆಗಲಿಗೆ ಹಾಕ್ಕೊಂಡು ಮೆಟ್ಟಿಲು ಇಳೀಬೇಕು, ಅಷ್ಟರಲ್ಲಿ ಮಗ ತಿರುಗಿ "ಅಂಕಲ್, ಹಾಗಿದ್ರೆ ಜಡೇಜಾ?" ಅಂದ. ಅಣ್ಣ ಕನ್ನಡಕ ತೆಗೆದು ಒರೆಸ್ಕೊಂಡು "ಬಾ ಕೂತ್ಕೋ" ಅಂದ್ರು. ತೀರ್ಥಹಳ್ಳಿಯ ಐದೂವರೆ ಬಸ್ಸು ಹೋಯ್ತು, ಅದರ ನಂತರದ್ದೂ ಹೋಯ್ತು.