ತುಂಬು ತಿಂಗಳಲ್ಲಿ ರಾತ್ರಿಯೂಟ: ಹುಗ್ಗಿಯೋ, ಉಪ್ಪಿಟ್ಟೋ, ದೋಸೆಯೋ?

ಬಸುರಿನ ಎಂಟು-ಒಂಬತ್ತನೇ ತಿಂಗಳಲ್ಲಿ ಅಡುಗೆಗಿಂತ ಒಲೆ ಮುಂದೆ ನಿಲ್ಲುವುದೇ ಕಷ್ಟ, ಅಲ್ವಾ? ಹಾಗಾಗಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೇ ಮೊದಲು ನೋಡಿ.

ಈ ಲೆಕ್ಕದಲ್ಲಿ ನನ್ನ ಓಟು ಖಾರದ ಹುಗ್ಗಿಗೆ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ, ಆರು ಲೋಟ ನೀರು, ಅರಿಶಿನ, ಉಪ್ಪು. ಕುಕ್ಕರ್ ನಾಲ್ಕು ಸೀಟಿ ಹಾಕುವ ತನಕ ಕಾಲು ಚಾಚಿ ಕೂರಬಹುದು. ಕ್ಯಾರೆಟ್, ಸೋರೆಕಾಯಿ, ಪಾಲಕ್ ಅದಕ್ಕೇ ಹಾಕಿದರೆ ಬೇರೆ ಪಲ್ಯ ಬೇಡ. ಬೇಳೆಯಿಂದ ಪ್ರೋಟೀನ್ ಸಿಗುತ್ತದೆ. ಎದೆಯುರಿ ಇದ್ದರೆ ಮೆಣಸು, ತುಪ್ಪ ಕಡಿಮೆ ಮಾಡಿ. ಬಡಿಸುವಾಗ ನಿಂಬೆರಸ ಹಿಂಡಿ. ಬೇಳೆ, ಸೊಪ್ಪಿನ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ಟೀ ಅದಕ್ಕೆ ಅಡ್ಡಿ, ಊಟದ ಜೊತೆ ಬೇಡ.

ಉಪ್ಪಿಟ್ಟು ಇನ್ನೂ ಬೇಗ. ರವೆ ಹುರಿದಿಟ್ಟಿದ್ದರೆ 15 ನಿಮಿಷ ಸಾಕು. ಆದರೆ ಅಷ್ಟೂ ಹೊತ್ತು ನಿಂತು ಕೈಯಾಡಿಸಬೇಕು. ಬರೀ ರವೆಯಲ್ಲಿ ಪ್ರೋಟೀನೂ ಕಡಿಮೆ. ಬಟಾಣಿ, ಕಡಲೆಬೀಜ ಹಾಕಿ, ಪಕ್ಕಕ್ಕೆ ಮೊಸರು ಇಟ್ಟುಕೊಳ್ಳಿ.

ದೋಸೆ? ಹಿಟ್ಟು ಫ್ರಿಜ್‌ನಲ್ಲಿದ್ದರೆ ಸುಲಭ ಅನ್ನಿಸುತ್ತದೆ. ಹುಯ್ಯುವವರು ಬೇರೆಯವರಾದರೆ ಮಾತ್ರ! ಗಂಡ ಕಾವಲಿ ಹಿಡಿಯುವ ದಿನಕ್ಕೆ ಇದನ್ನು ಇಟ್ಟುಕೊಳ್ಳಿ. ಚಟ್ನಿಗೆ ಹುರಿಗಡಲೆ ಹಾಕಿದರೆ ಒಳ್ಳೆಯದು.

ಮನೆಯಲ್ಲಿ ಒಬ್ಬರೇ ಇದ್ದರೆ ಹುಗ್ಗಿಯನ್ನೇ ಮಾಡಿ. ಉಳಿದದ್ದನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ಬೇಗ ಆರಿಸಿ ಫ್ರಿಜ್‌ಗೆ ಇಡಿ, ಮರುದಿನ ನೀರು ಹಾಕಿ ಚೆನ್ನಾಗಿ ಕುದಿಸಿ.