ಗಂಡು ಮರಿಯೋ, ಹೆಣ್ಣು ಮರಿಯೋ: ಬೆಕ್ಕಿನ ದತ್ತು ಕೇಂದ್ರವೊಂದರ ಸಲಹಾ ಸೇವೆ

ಬೆಕ್ಕಿನ ಮರಿಯನ್ನು ದತ್ತು ಕೊಡುವ ಮುನ್ನ ಈ ಕೇಂದ್ರದವರು ನೀಡುವ ಸಲಹೆಯೇ ಅವರ ಸೇವೆಯ ಅತ್ಯುತ್ತಮ ಭಾಗವೆಂದು ನನಗನ್ನಿಸಿತು. ಸಿಬ್ಬಂದಿ ಎರಡು ಮರಿಗಳ ಬಾಲವನ್ನು ಮೆಲ್ಲನೆ ಎತ್ತಿ, ಹೆಣ್ಣಿನ ಜನನಾಂಗವು ಗುದದ್ವಾರಕ್ಕೆ ತೀರಾ ಸಮೀಪದಲ್ಲಿ ಸಣ್ಣ ಸೀಳಿನಂತೆಯೂ, ಗಂಡಿನದು ತುಸು ದೂರದಲ್ಲಿ ದುಂಡು ಚುಕ್ಕೆಯಂತೆಯೂ ಇರುವುದನ್ನು ತೋರಿಸಿದರು. ಕಪ್ಪು ಮತ್ತು ಕಿತ್ತಳೆ ಬಣ್ಣಗಳೆರಡೂ ಬೆರೆತ ಮರಿ ಬಹುತೇಕ ಹೆಣ್ಣೇ ಆಗಿರುತ್ತದೆ, ಏಕೆಂದರೆ ಕಿತ್ತಳೆ ಬಣ್ಣದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಅದು ಹೆಣ್ಣಿಗೆ ಎರಡಿದ್ದರೆ ಗಂಡಿಗೆ ಸಾಮಾನ್ಯವಾಗಿ ಒಂದೇ ಎಂಬ ವಿವರಣೆಯೂ ಸಿಕ್ಕಿತು.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಅವರು ಮುಚ್ಚುಮರೆ ಮಾಡಲಿಲ್ಲ. ಅದನ್ನು ಮಾಡಿಸದ ಗಂಡು ಗೋಡೆ, ಪರದೆಗಳ ಮೇಲೆ ಕಟುವಾಸನೆಯ ಮೂತ್ರ ಸಿಂಪಡಿಸಿ ಅಲೆದಾಟಕ್ಕೂ ಕಾದಾಟಕ್ಕೂ ಇಳಿಯುತ್ತದೆ. ಹೆಣ್ಣಾದರೋ ಸುಮಾರು 4 ತಿಂಗಳಿಗೇ ಬೆದೆಗೆ ಬಂದು ರಾತ್ರಿಯಿಡೀ ಕೂಗಬಹುದು. 5 ತಿಂಗಳು ತುಂಬುವ ಮೊದಲೇ ಮಾಡಿಸಿದರೆ ಈ ವ್ಯತ್ಯಾಸಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ, ಆದರೆ ಹೆಣ್ಣಿಗೆ ಹೊಟ್ಟೆ ಕೊಯ್ಯಬೇಕಾದ್ದರಿಂದ ಚೇತರಿಕೆ ಸ್ವಲ್ಪ ನಿಧಾನ.

ಕೊರತೆಗಳೂ ಇವೆ. ಗಂಡು ಬೆಕ್ಕಿನ ಮೂತ್ರನಾಳ ಕಿರಿದಾಗಿರುವುದರಿಂದ ಅದು ಕಟ್ಟಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದೆಂಬ ಮುಖ್ಯ ಎಚ್ಚರಿಕೆಯನ್ನು ನಾನಾಗಿಯೇ ಕೇಳಿದ ಮೇಲಷ್ಟೇ ಹೇಳಿದರು. ಅವರ ಕರಪತ್ರವಂತೂ ಗಂಡು ಮುದ್ದಿನದು, ಹೆಣ್ಣು ಬಿಂಕದ್ದು ಎಂದು ಸಾರಾಸಗಟಾಗಿ ಬರೆದುಬಿಟ್ಟಿದೆ (ಬರೆದವರು ಕೇಂದ್ರದ ಬೆಕ್ಕುಗಳನ್ನೇ ನೋಡಿದಂತಿಲ್ಲ). ಹುಟ್ಟಿದ 2ರಿಂದ 7ನೇ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿ ಬೆಳೆದಿದೆಯೇ ಎಂಬುದು ಲಿಂಗಕ್ಕಿಂತ ಹೆಚ್ಚಾಗಿ ಮರಿಯ ಸ್ವಭಾವವನ್ನು ರೂಪಿಸುತ್ತದೆ. ಪ್ರತಿ ಮರಿಯ ಆ ದಾಖಲೆ ಕೇಂದ್ರದಲ್ಲಿದೆ, ಕೇಳಿ ಪಡೆಯಬೇಕು.