ಸಣ್ಣ ಸಂಸ್ಥೆಗೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಸೇವೆ: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಸಣ್ಣ ಸಂಸ್ಥೆ. ಎಚ್‌ಆರ್ ಅಂತ ಬೇರೆ ವಿಭಾಗ ಇಲ್ಲ. ಇಂಟರ್‌ವ್ಯೂ ಮಾಡುವವಳೂ ನಾನೇ, ಸಂಬಳ ಹಾಕುವವಳೂ ನಾನೇ. ಹೊಸಬರನ್ನು ಕೆಲಸಕ್ಕೆ ತಗೊಳ್ಳುವ ಮುಂಚೆ ಅವರ ಹಿನ್ನೆಲೆ ನೋಡಿಸಲು ಒಂದು ಆನ್‌ಲೈನ್ ಸೇವೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಇಂಥ ಸೇವೆಗಳು ಹೆಚ್ಚುಕಡಿಮೆ ಒಂದೇ ಥರ ನಡೆಯುವುದರಿಂದ, ಬೇರೆ ಸೇವೆ ನೋಡುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಬಳಸುವುದು ಸುಲಭ. ಅಭ್ಯರ್ಥಿಯ ಹೆಸರು, ಮೊಬೈಲ್ ನಂಬರ್ ಹಾಕಿದರೆ ಅವರಿಗೆ ಲಿಂಕ್ ಹೋಗುತ್ತದೆ. ಅವರು ಒಪ್ಪಿಗೆ ಕೊಟ್ಟು ಗುರುತಿನ ಚೀಟಿ, ಮಾರ್ಕ್ಸ್ ಕಾರ್ಡ್, ಹಳೆ ಕೆಲಸದ ಪತ್ರಗಳನ್ನು ಅಪ್‌ಲೋಡ್ ಮಾಡುತ್ತಾರೆ. ಗುರುತು, ವಿಳಾಸ, ಓದು, ಹಳೆ ಕೆಲಸ, ಕೋರ್ಟ್ ದಾಖಲೆ ಎಲ್ಲ ನೋಡಿ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದ ರಿಪೋರ್ಟ್ ಕಳಿಸುತ್ತಾರೆ. ಗುರುತಿನ ಪರಿಶೀಲನೆ ಬೇಗ ಮುಗಿಯುತ್ತದೆ. ಓದಿನದು ಮಾತ್ರ ವಿಶ್ವವಿದ್ಯಾಲಯ ಉತ್ತರ ಕೊಟ್ಟಾಗಲೇ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಹಳೆ ಕೆಲಸದ ಪರಿಶೀಲನೆ. ಅಭ್ಯರ್ಥಿ ಕೊಟ್ಟ ನಂಬರಿಗೆ ಇವರು ಫೋನ್ ಮಾಡುವುದಿಲ್ಲ. ಆ ಕಂಪನಿಯ ನಂಬರನ್ನು ತಾವೇ ಹುಡುಕಿ ಕೇಳುತ್ತಾರೆ. ಸ್ನೇಹಿತನ ನಂಬರನ್ನೇ ಮ್ಯಾನೇಜರ್ ನಂಬರ್ ಅಂತ ಬರೆಯುವವರು ಇದ್ದಾರಲ್ವಾ, ಆ ಆಟ ಇಲ್ಲಿ ನಡೆಯಲ್ಲ. ಆದರೆ ಎಷ್ಟೋ ಕಂಪನಿಗಳು ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಹೇಳುತ್ತವೆ. ಕೆಲಸ ಹೇಗಿತ್ತು ಅನ್ನುವುದು ರಿಪೋರ್ಟಿಗೆ ಬರುವುದೇ ಇಲ್ಲ. ಅದಕ್ಕೆ ಒಂದು ಫೋನ್ ಈಗಲೂ ನಾನೇ ಮಾಡುತ್ತೇನೆ. ಇವರನ್ನು ಮತ್ತೆ ಕೆಲಸಕ್ಕೆ ತಗೊಳ್ತೀರಾ ಅಂತ ನೇರವಾಗಿ ಕೇಳುತ್ತೇನೆ.

ಬಣ್ಣಗಳ ವಿಷಯದಲ್ಲಿ ನನಗೆ ದೊಡ್ಡ ತಕರಾರಿದೆ. 'ಹೊಂದಿಕೆ ಆಗಲಿಲ್ಲ' ಅನ್ನುವುದಕ್ಕೂ ಹಳದಿ, 'ಪರಿಶೀಲಿಸಲು ಆಗಲಿಲ್ಲ' ಅನ್ನುವುದಕ್ಕೂ ಹಳದಿ. ಹಳೆ ಕಂಪನಿ ಬಾಗಿಲು ಹಾಕಿದ್ದರೆ ಅದು ಅಭ್ಯರ್ಥಿಯ ತಪ್ಪೇ? ಒಬ್ಬ ಹುಡುಗಿಯ ರಿಪೋರ್ಟ್ ನೋಡಿ. ರೆಸ್ಯೂಮೆಯಲ್ಲಿ ಮಾರ್ಚ್‌ನಲ್ಲಿ ಸೇರಿದೆ ಅಂತಿತ್ತು, ಕಂಪನಿ ಜೂನ್ ಅಂದಿತು. ಅವಳನ್ನೇ ಕೇಳಿದೆ. ಮೊದಲ ಮೂರು ತಿಂಗಳು ಗುತ್ತಿಗೆದಾರನ ಮೂಲಕ ಅಲ್ಲೇ ಕೆಲಸ ಮಾಡಿದ್ದಳು, ಪೇ ಸ್ಲಿಪ್ ಬಂದದ್ದು ಗುತ್ತಿಗೆದಾರನ ಹೆಸರಲ್ಲಿ. ಸ್ಲಿಪ್ಪುಗಳನ್ನು ತಂದು ತೋರಿಸಿದಳು. ಬಣ್ಣ ನೋಡಿ ಬೇಡ ಅಂದಿದ್ದರೆ ಒಳ್ಳೆ ಕೆಲಸಗಾರ್ತಿ ಕೈ ತಪ್ಪುತ್ತಿದ್ದಳು.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿ ಓದಬೇಕಾದ್ದು ಕೋರ್ಟ್ ದಾಖಲೆಯ ಭಾಗ. ಹುಡುಕುವುದು ಹೆಸರಿನಿಂದ. ಒಂದೇ ಹೆಸರಿನವರು ಎಷ್ಟು ಜನ ಇರುತ್ತಾರೆ! ಹುಟ್ಟಿದ ದಿನಾಂಕ ಎಷ್ಟೋ ದಾಖಲೆಗಳಲ್ಲಿ ಇರುವುದೇ ಇಲ್ಲ. ನಮಗೆ ಬಂದ ಒಂದು ಕೆಂಪು ರಿಪೋರ್ಟನ್ನು ತೆರೆದು ನೋಡಿದರೆ, ಕೇಸಿನಲ್ಲಿದ್ದವರ ವಯಸ್ಸಿಗೂ ನಮ್ಮ ಅಭ್ಯರ್ಥಿಯ ವಯಸ್ಸಿಗೂ ತಾಳೆಯೇ ಇರಲಿಲ್ಲ. ಬರೆದು ಕೇಳಿದ ಮೇಲೆ ತಿದ್ದಿದರು. ಅಲ್ಲಿಯವರೆಗೆ ಆ ಮನುಷ್ಯ ಉತ್ತರಕ್ಕಾಗಿ ಕಾಯುತ್ತಾ ಕೂತಿದ್ದರು. ನನಗೆ ಈಗಲೂ ಇದು ಬೇಜಾರಿನ ವಿಷಯ. ಕೇಸ್ ಹಾಕಿದ ಮಾತ್ರಕ್ಕೆ ತಪ್ಪು ಸಾಬೀತಾದ ಹಾಗಲ್ಲ. ಆಸ್ತಿ ಜಗಳದಂಥ ಸಿವಿಲ್ ಕೇಸೂ ಈ ಪಟ್ಟಿಯಲ್ಲಿ ಬರುತ್ತದೆ. ಹಾಗೆಯೇ 'ಏನೂ ಸಿಗಲಿಲ್ಲ' ಅಂದರೆ ಇವರು ಹುಡುಕಿದ ಕಡೆ ಸಿಗಲಿಲ್ಲ ಅಂತ, ಅಷ್ಟೇ.

ಇದಕ್ಕೇ ಕೆಲವು ಕಡೆ ಕಾನೂನು ಬಿಗಿಯಾಗಿದೆ. ಅಮೆರಿಕದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಪ್ರಕಾರ ಅಭ್ಯರ್ಥಿಗೆ ಪ್ರತ್ಯೇಕ ಪತ್ರದಲ್ಲಿ ತಿಳಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ರಿಪೋರ್ಟ್ ನೋಡಿ ಬೇಡ ಅನ್ನುವ ಮೊದಲೇ ಅದರ ಪ್ರತಿಯನ್ನು ಅವರ ಕೈಗೆ ಕೊಡಬೇಕು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಕಾನೂನಿನ ಅನುಮತಿ ಇಲ್ಲದೆ ಖಾಸಗಿ ಮಾಲೀಕರು ಅಪರಾಧ ದಾಖಲೆ ಕೆದಕುವಂತಿಲ್ಲ. ನಾನು ಬಳಸುವ ಸೇವೆಯಲ್ಲಿ ಅಭ್ಯರ್ಥಿಗೆ ಪ್ರತಿ ಹೋಗಬೇಕಾದರೆ ನಾನೇ ಟಿಕ್ ಮಾಡಬೇಕು. ಮರೆತರೆ ಹೋಗಲ್ಲ. ಟಿಕ್ ಇಲ್ಲದೆ ತಾನಾಗಿಯೇ ಹೋಗಬೇಕು ಅಂತ ಹಲವು ಸಲ ಬರೆದಿದ್ದೇನೆ, ಇನ್ನೂ ಬದಲಾಗಿಲ್ಲ.

ಹಣದ ವಿಷಯ: ತಿಂಗಳ ಪ್ಲಾನ್ ಬೇಡ. ನಮ್ಮಂಥವರು ಅಪರೂಪಕ್ಕೆ ಜನ ತಗೊಳ್ಳುವುದು, ಪ್ರತಿ ಪರಿಶೀಲನೆಗೆ ಇಷ್ಟು ಅಂತ ಕೊಡುವುದೇ ಸರಿ. ಎಲ್ಲರಿಗೂ ಪೂರ್ತಿ ಪ್ಯಾಕೇಜ್ ಸುಮ್ನೆ ದಂಡ. ಗಾಡಿ ಓಡಿಸುವವರಿಗೆ ಲೈಸೆನ್ಸ್ ನೋಡಿಸಿ. ದುಡ್ಡು ಮುಟ್ಟುವವರಿಗೆ ಹಳೆ ಕೆಲಸ ಮತ್ತು ಕೋರ್ಟ್ ದಾಖಲೆ ಎರಡೂ ನೋಡಿಸಿ.

ಕೆಲಸಕ್ಕೆ ತಗೊಳ್ಳದವರ ದಾಖಲೆಗಳನ್ನು ಅಳಿಸುವ ಸೌಲಭ್ಯವೂ ಇದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಮೂಲೆಯಲ್ಲಿದೆ. ಇನ್ನೊಬ್ಬರ ಗುರುತಿನ ಚೀಟಿ, ಮನೆ ವಿಳಾಸ ನಮ್ಮ ಹತ್ತಿರ ಯಾಕಿರಬೇಕು? ಹುಡುಕಿ ಆನ್ ಮಾಡಿಕೊಳ್ಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಬಳಸುವುದನ್ನು ಮುಂದುವರಿಸುತ್ತೇನೆ. ನೀವು ಯಾವ ಸೇವೆ ತಗೊಂಡರೂ ಮೊದಲು ಒಂದು ಮಾದರಿ ರಿಪೋರ್ಟ್ ತರಿಸಿಕೊಳ್ಳಿ. ಯಾರನ್ನು ಕೇಳಿದರು, ಯಾವತ್ತು ಕೇಳಿದರು, ಏನು ಉತ್ತರ ಬಂತು ಅನ್ನುವುದು ಅದರಲ್ಲಿ ಇಲ್ಲದೆ ಬರೀ ಬಣ್ಣ ಇದ್ದರೆ ಬೇರೆ ಸೇವೆ ನೋಡಿ.